ಕನಾತಿನಾಚೆ ಕಟ್ಟಿದ ಹತ್ತು ಗಂಟು

ಆ ಪತ್ರಿಕೆಯ ಹೆಸರನ್ನು ನಾನು ಹೇಳುವುದಿಲ್ಲ. ಅದು ನಮ್ಮ ಹೆಸರು ಹೇಳಿತೇ, ನಾನು ಅದರ ಹೆಸರು ಹೇಳುವುದಕ್ಕೆ? ಮೈಸೂರಿನಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆ ಎಂದರೆ ಸಾಕು.

ನಾನು ಕೆ.ಆರ್. ನಗರದ ಸುನಂದಮ್ಮ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಬರೆಯಹೊರಟಿರುವುದು ನನ್ನ ಕಥೆಯಲ್ಲ, ಹುಣಸೂರು ತಾಲ್ಲೂಕು ಗುರುಪುರದ ಪುಟ್ಟಲಕ್ಷ್ಮಿಯದು. ಅವಳ ಅಪ್ಪ ಅಂಕಯ್ಯ ಹುಣಸೂರಿನ ಮರದ ಡಿಪೋದಲ್ಲಿ ಗರಗಸ ಎಳೆಯುತ್ತಿದ್ದವರು. ಓದು ಬರಹ ಬಾರದು. ಕಾಡಿನಿಂದ ಗಾಡಿಗಳಲ್ಲಿ ದಿಮ್ಮಿಗಳು ಬಂದಾಗ ಲೆಕ್ಕ ಇಡುವ ಕೆಲಸವೂ ಅವರದೇ. ಒಂದು ದಿಮ್ಮಿ ಇಳಿದರೆ ಹುರಿಯಲ್ಲಿ ಒಂದು ಗಂಟು. ಗುಮಾಸ್ತರ ಪುಸ್ತಕಕ್ಕೂ ಅಂಕಯ್ಯನವರ ಹುರಿಗೂ ವ್ಯತ್ಯಾಸ ಬಂದರೆ ಸಾಹೇಬರು ಹುರಿಯನ್ನೇ ನಂಬುತ್ತಿದ್ದರಂತೆ.

ಪುಟ್ಟಲಕ್ಷ್ಮಿ ಮಿಡ್ಲ್ ಸ್ಕೂಲಿನಲ್ಲಿ ಇಡೀ ತಾಲ್ಲೂಕಿಗೇ ಮೊದಲು ಬಂದಳು. ವಿದ್ಯಾರ್ಥಿವೇತನ ಸಿಕ್ಕಿತು, ಮೈಸೂರಿನಲ್ಲಿ ಉಚಿತ ಹಾಸ್ಟೆಲೂ ಸಿಕ್ಕಿತು. ನಾನು ಅವಳನ್ನು ಕಂಡದ್ದು ಅಲ್ಲಿನ ಹೆಣ್ಣುಮಕ್ಕಳ ಕಾಲೇಜಿನ ಇಂಟರ್‌ಮೀಡಿಯೆಟ್ ತರಗತಿಯಲ್ಲಿ, ಒಂದು ಸಾವಿರದ ಒಂಬೈನೂರ ನಲವತ್ತೆರಡರಲ್ಲಿ. ಕಡ್ಡಿಯಂತಹ ಹುಡುಗಿ. ಮಾತು ಕಡಿಮೆ. ಆದರೆ ಕೈಗೆ ಬ್ಯಾಸ್ಕೆಟ್‌ಬಾಲ್ ಕೊಟ್ಟರೆ ಅವಳೇ ಬೇರೆ. ಹೆಂಗಸರ ಆಟದಲ್ಲಿ ಆಗ ಆರಾರು ಜನ. ಕಂಬದ ಮೇಲಿನ ಕಬ್ಬಿಣದ ಬಳೆಗೆ ಚೆಂಡು ಹಾಕುವವರು ಬೇರೆ, ತಡೆಯುವವರು ಬೇರೆ, ತಡೆಯುವವರು ಗೆರೆ ದಾಟುವಂತಿಲ್ಲ. ನಾನು ತಡೆಯುವವಳು. ಗೆರೆಯ ಈಚೆ ನಿಂತು ಅವಳ ಆಟ ನೋಡುವುದೇ ನನ್ನ ಭಾಗ್ಯವಾಗಿತ್ತು.

ರಜಕ್ಕೆ ಊರಿಗೆ ಹೋದಾಗ ಅವಳು ತಳ ಕಿತ್ತುಹೋದ ಬಿದಿರಿನ ಮಂಕರಿಯೊಂದನ್ನು ಹೊಂಗೆಮರದ ಕೊಂಬೆಗೆ ಕಟ್ಟಿ ಅಭ್ಯಾಸ ಮಾಡುತ್ತಿದ್ದಳು. ಊರವರು ಅದಕ್ಕೆ ಮಂಕರಿ ಆಟ ಎಂದೇ ಹೆಸರಿಟ್ಟಿದ್ದರು. ಅವಳ ಅವ್ವ ರಾಚಮ್ಮನಿಗೆ ಮೈಯೆಲ್ಲ ಉರಿ.

"ಮದ್ವೆ ವಯ್ಸಿನ್ ಎಣ್ಣು ಮಂಕ್ರಿಗೆ ಚೆಂಡು ಎಸ್ಕಂಡ್ ಕೂತವ್ಳೆ. ನನ್ ತಮ್ಮ ಎಷ್ಟ್ ದಿನ ಅಂತ ಕಾಯ್ತಾನೆ?" ಎನ್ನುವರು.

ತಮ್ಮ ಎಂದರೆ ಪಿರಿಯಾಪಟ್ಟಣದ ಮಂಚಯ್ಯ, ಪುಟ್ಟಲಕ್ಷ್ಮಿಗೆ ಸೋದರಮಾವ. ಒಳ್ಳೆಯ ಮನುಷ್ಯನೇ, ಕೆಟ್ಟವನೆನ್ನಲಾರೆ. ಆದರೆ ಪುಟ್ಟಲಕ್ಷ್ಮಿಗೆ ಬೇಕಾಗಿದ್ದುದು ಬೇರೆ. ಸರ್ಕಾರದವರು ವರ್ಷಕ್ಕೆ ಇಬ್ಬರನ್ನು ವ್ಯಾಯಾಮ ಶಿಕ್ಷಣದ ತರಬೇತಿಗೆ ಮದರಾಸಿಗೆ ಕಳಿಸುತ್ತಿದ್ದರು. ಹೋಗಿ ಬಂದವರಿಗೆ ಕೆಲಸ ಖಾತ್ರಿ. ಕೊನೆಗೆ ಅಂಕಯ್ಯ ಹೆಂಡತಿಗೂ ಮಗಳಿಗೂ ಒಂದೇ ಮಾತು ಹೇಳಿದರು: ಮದರಾಸಿನ ಸೀಟು ಸಿಕ್ಕಿದರೆ ಮದುವೆಯ ಮಾತಿಲ್ಲ, ಸಿಕ್ಕದಿದ್ದರೆ ಮಂಚಯ್ಯನಿಗೆ ಧಾರೆ. ಇಬ್ಬರೂ ಒಪ್ಪಿದರು. ಪುಟ್ಟಲಕ್ಷ್ಮಿ ಆ ವರ್ಷ ಬೆಳಗಿನ ಜಾವಕ್ಕೇ ಎದ್ದು ಚೆಂಡು ಹಾಕುತ್ತಿದ್ದಳು.

ನಲವತ್ತಮೂರರ ಫೆಬ್ರವರಿಯಲ್ಲಿ ಬೆಂಗಳೂರಿನ ತಂಡದೊಡನೆ ನಮ್ಮ ಫೈನಲ್. ಹೆಣ್ಣುಮಕ್ಕಳು ಆಡುವಾಗ ಗಂಡಸರ ಕಣ್ಣು ಬೀಳಬಾರದೆಂದು ಮೈದಾನದ ಸುತ್ತ ಆಳೆತ್ತರಕ್ಕೂ ಮಿಕ್ಕಿದ ಬಟ್ಟೆಯ ಕನಾತು ಕಟ್ಟುವುದು ಆಗಿನ ಪದ್ಧತಿ. ಒಳಗೆ ಹೆಂಗಸರಿಗೆ ಮಾತ್ರ ಪ್ರವೇಶ. ಹೆತ್ತ ತಂದೆಗೂ ಇಲ್ಲ, ಪತ್ರಿಕೆಯವನಿಗೂ ಇಲ್ಲ. ಆದರೆ ಕನಾತು ಎಷ್ಟೇ ಎತ್ತರವಿದ್ದರೂ ಬಳೆ ಅದಕ್ಕಿಂತ ಎತ್ತರ. ಹೊರಗೆ ನಿಂತವರಿಗೆ ನಮ್ಮ ತಲೆ ಕಾಣದು, ಚೆಂಡು ಮೇಲೆದ್ದು ಬಳೆಯೊಳಗೆ ಬೀಳುವುದು ಚೆನ್ನಾಗಿ ಕಾಣುತ್ತದೆ.

ಅಂಕಯ್ಯ ಡಿಪೋಗೆ ರಜ ಹಾಕಿ ಬಂದು ಕನಾತಿನಾಚೆ ನಿಂತಿದ್ದರು. ಕೈಯಲ್ಲಿ ಹುರಿ. ಮೊದಲರ್ಧ ಬೇವಿನ ಮರದ ಕಡೆಯ ಬಳೆ ನಮ್ಮದು, ಆಮೇಲೆ ಗೇಟಿನ ಕಡೆಯದು ಎಂದು ಮಗಳು ಮೊದಲೇ ಹೇಳಿಕೊಟ್ಟಿದ್ದಳು. ಅಷ್ಟರಲ್ಲಿ ಪತ್ರಿಕೆಯವರು ಸೈಕಲ್ಲಿನಲ್ಲಿ ಬಂದರು. ಕೋಟು, ಜರಿ ರುಮಾಲು, ಜೇಬಿನಲ್ಲಿ ಪೆನ್ನು. ಅಂಕಯ್ಯನವರನ್ನು ಕಂಡವರೇ, "ಏ, ಇದನ್ನು ಸ್ವಲ್ಪ ಹಿಡಿದುಕೊಂಡಿರಯ್ಯ, ಬಂದೆ" ಎಂದು ಸೈಕಲ್ಲನ್ನು ಅವರ ಕೈಗೆ ಕೊಟ್ಟು, ಕಾರುಗಳಲ್ಲಿ ಯಾರ್ಯಾರ ಮನೆಯ ಹೆಂಗಸರು ಇಳಿದರೆಂದು ಗೇಟಿನ ಜವಾನನ ಹತ್ತಿರ ಬರೆದುಕೊಂಡು, ಪ್ರಿನ್ಸಿಪಾಲರ ಕೋಣೆಗೆ ಕಾಫಿಗೆ ಹೋದರು. ಆಟ ಮುಗಿಯುವವರೆಗೂ ಈಚೆ ಬರಲಿಲ್ಲ. ಅಂಕಯ್ಯ ಎಡಗೈಯಲ್ಲಿ ಸೈಕಲ್ ಹಿಡಿದುಕೊಂಡೇ ಬಲಗೈಯಿಂದಲೂ ಹಲ್ಲಿನಿಂದಲೂ ಗಂಟು ಹಾಕಿದರು.

ನಾವು ಗೆದ್ದೆವು. ಹತ್ತೊಂಬತ್ತು–ಹದಿನೆಂಟು. ಬಳೆಗೆ ಒಂದು ಸಲ ಹಾಕಿದರೆ ಎರಡು ಅಂಕ, ಫ್ರೀ ಥ್ರೋಗೆ ಒಂದು. ಅದರಲ್ಲಿ ಹದಿನೈದು ಅಂಕ ಪುಟ್ಟಲಕ್ಷ್ಮಿಯೊಬ್ಬಳದೇ.

ಎರಡು ದಿನ ಬಿಟ್ಟು ನನ್ನನ್ನೂ ಗುರುಪುರಕ್ಕೆ ಕರೆದುಕೊಂಡು ಹೋದಳು. ಅಂಕಯ್ಯ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡು, ಹೆಣ್ಣುಮಕ್ಕಳ ಕಾಲೇಜಿನ ಸುದ್ದಿ ಎಲ್ಲಿದೆಯೆಂದು ಅಂಗಡಿಯವನ ಕೈಲಿ ಗುರುತು ಹಾಕಿಸಿಕೊಂಡು, ಮಡಿಸಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಯಾರ ಕೈಲೂ ಓದಿಸಿರಲಿಲ್ಲ.

"ತನ್ ಒಗಳಿಕೆ ತಾನೇ ಓದ್ಕಬಾರ್ದು ಕಣವ್ವ. ನೀನ್ ಓದು. ನೀನ್ ಜೊತೇಲ್ ಆಡ್ದೋಳು" ಎಂದು ನನ್ನ ಕೈಗೆ ಕೊಟ್ಟರು. ರಾಚಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. ನೆರೆಹೊರೆಯವರೂ ಜಗಲಿಗೆ ಬಂದು ಕುಳಿತರು.

ನಾನು ಕಣ್ಣಾಡಿಸಿದೆ. ಅಯ್ಯೋ ಶಿವನೇ! ಅದರಲ್ಲಿದ್ದುದು ಇಷ್ಟು, ಇಂದಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ:

"ಕಾಲೇಜಿನ ಆವರಣದಲ್ಲಿ ವನಿತೆಯರ ಕ್ರೀಡೋತ್ಸವವು ವಿಜೃಂಭಣೆಯಿಂದ ಜರುಗಿತು. ಗಣ್ಯ ಅಧಿಕಾರಿಗಳ ಧರ್ಮಪತ್ನಿಯವರು ಹಸಿರಂಚಿನ ರೇಷ್ಮೆ ಸೀರೆಯನ್ನುಟ್ಟು ಅಧ್ಯಕ್ಷಪೀಠವನ್ನು ಅಲಂಕರಿಸಿ, ಸ್ತ್ರೀಯರಿಗೆ ಗೃಹಕೃತ್ಯವೇ ಉತ್ತಮ ವ್ಯಾಯಾಮವೆಂದು ಹಿತವಚನ ನುಡಿದರು. ಉಪ್ಪಿಟ್ಟು, ಕಾಫಿಗಳ ಏರ್ಪಾಡು ಸೊಗಸಾಗಿತ್ತು. ಕನ್ಯೆಯರು ಚೆಂಡಾಟವಾಡಿ ಅತಿಥಿಗಳ ಮನವನ್ನು ರಂಜಿಸಿದರು. ಮಂಗಳಾರತಿಯೊಡನೆ ಸಮಾರಂಭವು ಮುಕ್ತಾಯವಾಯಿತು."

ಯಾರು ಗೆದ್ದರು ಎಂಬುದೂ ಇರಲಿಲ್ಲ! ಬಹುಮಾನ ಕೊಟ್ಟ ಆ ತಾಯಿಗಾದರೂ ಸ್ವಂತ ಹೆಸರಿತ್ತೇ? ಅದೂ ಇಲ್ಲ, ಯಾರದೋ ಧರ್ಮಪತ್ನಿ. ಉಪ್ಪಿಟ್ಟಿಗೆ ಸಿಕ್ಕ ಜಾಗ ನಮಗೆ ಸಿಗಲಿಲ್ಲ. ಪಕ್ಕದಲ್ಲೇ ಎರಡು ಕಾಲಂ ತುಂಬ ಅದೇ ದಿನ ಬೆಳಿಗ್ಗೆ ನಡೆದ ಗಂಡುಹುಡುಗರ ಪಂದ್ಯ. ಸೋತಿದ್ದರು, ಅದೂ ಹೀನಾಯವಾಗಿ. ಆದರೂ ಯಾರು ಎಲ್ಲಿಂದ ಚೆಂಡು ಎಸೆದರು, ಯಾರ ಕಾಲು ಉಳುಕಿತು, ಎಲ್ಲವೂ ಹೆಸರು ಸಮೇತ. ಕಡೆಯಲ್ಲಿ, "ಕಾದಿರಿಸಿದ ಆಟಗಾರರಾದ ಶ್ರೀ ಲಿಂಗಣ್ಣನವರಿಗೆ ಆಡುವ ಸಂದರ್ಭ ಒದಗದಿದ್ದರೂ ಅವರ ಉತ್ಸಾಹವು ಶ್ಲಾಘನೀಯವಾಗಿತ್ತು" ಎಂದು ಬೇರೆ. ಬೆಂಚಿನ ಮೇಲೆ ಕುಳಿತಿದ್ದವನ ಉತ್ಸಾಹ!

"ಓದವ್ವ" ಎಂದರು ಅಂಕಯ್ಯ.

ಪುಟ್ಟಲಕ್ಷ್ಮಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಅಂಕಯ್ಯನವರ ಮುಖದಲ್ಲಿದ್ದ ಆಸೆಯನ್ನು ನೋಡಿ ನನಗೆ ಕೋಪವೂ ದುಃಖವೂ ಒಟ್ಟಿಗೇ ಉಕ್ಕಿಬಂದವು. ಓದಿದೆ. ಕಾಗದದಲ್ಲಿದ್ದುದನ್ನಲ್ಲ, ಕಾಗದದಲ್ಲಿ ಇರಬೇಕಾಗಿದ್ದುದನ್ನು.

"ಮೊದಲರ್ಧ ಮುಗಿದಾಗ ನಮ್ಮ ಕಾಲೇಜು ಐದು ಅಂಕ ಹಿಂದಿತ್ತು. ಗುರುಪುರದ ಕುಮಾರಿ ಪುಟ್ಟಲಕ್ಷ್ಮಿ ಏಳು ಬಾರಿ ಚೆಂಡನ್ನು ಬಳೆಗೆ ಹಾಕಿದಳು, ಒಂದು ಫ್ರೀ ಥ್ರೋ ಕೂಡ ಅವಳದೇ. ಉಳಿದ ಎರಡು ಕುಮಾರಿ ಮಲ್ಲಾಜಮ್ಮನದು. ಕಡೆಯ ನಿಮಿಷದಲ್ಲಿ ಒಂದು ಅಂಕ ಹಿಂದಿದ್ದಾಗ, ಇಬ್ಬರು ಅಡ್ಡ ನಿಂತಿದ್ದರೂ, ಪುಟ್ಟಲಕ್ಷ್ಮಿ ಒಂದು ಹೆಜ್ಜೆ ಹಿಂದಿಟ್ಟು ಹಾಕಿದ ಚೆಂಡು ಬಳೆಯ ಅಂಚಿಗೂ ತಗುಲದೆ ಒಳಗೆ ಬಿತ್ತು. ಹತ್ತೊಂಬತ್ತು–ಹದಿನೆಂಟು."

ಅಂಕಯ್ಯ ಸೊಂಟದಿಂದ ಹುರಿ ಬಿಚ್ಚಿದರು. ಬೆರಳಲ್ಲಿ ಒಂದೊಂದೇ ಗಂಟು ಮುಟ್ಟಿ ಎಣಿಸಿದರು.

"ಏಳು, ಒಂದು, ಎಲ್ಡು. ಅತ್ತು. ಸರ್ಯಾಗೈತೆ ಕಣ್ಲಾ! ಅತ್ತಕ್ಕೆ ಅತ್ತೂ ಸರ್ಯಾಗೈತೆ!" ಎಂದು ಜಗಲಿಯವರಿಗೆ ಹುರಿ ಎತ್ತಿ ತೋರಿಸಿದರು. "ನಾನ್ ಆ ಸ್ವಾಮಿ ಕಾಪಿ ಕುಡ್ಯಕ್ ಓದ ಅಂತ ಬೈಕಂಡಿದ್ದೆ. ಒಂದೂ ತಪ್ದೆ ಬರ್ದವ್ನಲ್ಲ, ಅವ್ನ್ ಒಟ್ಟೆ ತಣ್ಣಗಿರ್ಲಿ."

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಇನ್ನೊಂದು ಸಲ ಓದು, ಮತ್ತೊಂದು ಸಲ ಓದು ಎಂದು ನಾಲ್ಕು ಸಲ ಓದಿಸಿದರು. ನಾಲ್ಕನೆಯ ಸಲಕ್ಕೆ ಅವರಿಗೇ ಬಾಯಿಪಾಠ ಬಂದಿತ್ತು. ಮಾರನೆಯ ದಿನ ಹುಣಸೂರಿಗೆ ಹೋಗಿ ಆ ತುಣುಕಿಗೆ ಗಾಜಿನ ಚೌಕಟ್ಟು ಹಾಕಿಸಿ, ಚಾಮುಂಡಿಯ ಪಟದ ಪಕ್ಕದಲ್ಲಿ ತೂಗುಹಾಕಿ, ಕುಂಕುಮ ಇಟ್ಟರು. ಉಪ್ಪಿಟ್ಟಿನ ಸುದ್ದಿಗೆ ಕುಂಕುಮ! ಊರಿನ ಮೇಷ್ಟ್ರು ಮಂಟಯ್ಯ ಒಂದು ದಿನ ಅದನ್ನು ಓದಿ, ತಲೆ ತಗ್ಗಿಸಿಕೊಂಡು ಹೊರಟುಹೋದರಂತೆ.

"ಯಾಕೆ ಸುನಂದಾ ಅಂಗೆ ಓದ್ದೆ?" ಎಂದು ಪುಟ್ಟಲಕ್ಷ್ಮಿ ಆಮೇಲೆ ಕೇಳಿದಳು.

"ನೀನು ಯಾಕೆ ಸುಮ್ಮನಿದ್ದೆ?" ಎಂದೆ.

ಮೇ ತಿಂಗಳಲ್ಲಿ ತರಬೇತಿಗೆ ಅರ್ಜಿ ಕರೆದರು. ಪುಟ್ಟಲಕ್ಷ್ಮಿ ಪ್ರಿನ್ಸಿಪಾಲರ ಪತ್ರವನ್ನು ಲಗತ್ತಿಸಿ ಕಳಿಸಿದಳು. ಕಚೇರಿಯಿಂದ ಉತ್ತರ ಬಂತು: ಸಂದರ್ಶನಕ್ಕೆ ಹಾಜರಾಗತಕ್ಕದ್ದು, ಕ್ರೀಡೆಯಲ್ಲಿನ ಸಾಧನೆಗೆ ಸಾಕ್ಷಿಯಾಗಿ ವೃತ್ತಪತ್ರಿಕೆಯ ವರದಿಯನ್ನು ತರತಕ್ಕದ್ದು. ಪ್ರಿನ್ಸಿಪಾಲರು ಯಾರಿಗೆ ಬೇಕಾದರೂ ಪತ್ರ ಬರೆದುಕೊಡುತ್ತಾರಂತೆ, ಪತ್ರಿಕೆಗೆ ಮಾತ್ರ ಪಕ್ಷಪಾತವಿಲ್ಲವಂತೆ!

ಪುಟ್ಟಲಕ್ಷ್ಮಿ ಅಳುತ್ತಾ ಕುಳಿತಿದ್ದಳು. ಅಂಕಯ್ಯ ನಕ್ಕುಬಿಟ್ಟರು.

"ಪೇಪರ್ ತಾನೇ ಕೇಳ್ತಿರಾದು? ಗ್ವಾಡೆ ಮ್ಯಾಲೇ ಐತಲ್ಲ ಮಗ!" ಎಂದು ಪಟವನ್ನು ಇಳಿಸಿ, ತಮ್ಮ ಹೊಸ ಟವಲಿನಲ್ಲಿ ಸುತ್ತಿಟ್ಟರು. ಬೇಡ ಅಪ್ಪ ಎಂದಳು, ನಾನೇ ಒಯ್ಯುತ್ತೇನೆ ಎಂದಳು. ಕೇಳಬೇಕಲ್ಲ. ಸಂದರ್ಶನದ ದಿನ ಬೆಳಿಗ್ಗೆ ನಾನು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದೆ. ಅಂಕಯ್ಯ ಕೂಸನ್ನು ಎತ್ತಿಕೊಂಡಂತೆ ಪಟವನ್ನು ತಬ್ಬಿಕೊಂಡು ಇಳಿದರು. ಆಗಲಾದರೂ ಹೇಳಬೇಕಿತ್ತು. ಪ್ರಿನ್ಸಿಪಾಲರ ಪತ್ರ ನೋಡಿ ಅಧಿಕಾರಿಗಳು ಒಪ್ಪಿಬಿಟ್ಟರೆ ಪಟವನ್ನು ಬಿಚ್ಚುವ ಪ್ರಸಂಗವೇ ಬಾರದೆಂದು ಹಾಳು ಧೈರ್ಯ ಮಾಡಿದೆ. ಆ ತಪ್ಪು ನನ್ನದೇ.

ನಮಗಿಂತ ಮೊದಲು ಒಳಗೆ ಹೋದವನು ಲಿಂಗಣ್ಣ, ಅದೇ ಬೆಂಚಿನ ಉತ್ಸಾಹಿ. ಕೈಯಲ್ಲಿ ಪತ್ರಿಕೆಯ ತುಣುಕು. ನಗುತ್ತಾ ಈಚೆ ಬಂದ. ಆಮೇಲೆ ನಮ್ಮನ್ನು ಕರೆದರು. ಮೇಜಿನ ಹಿಂದಿದ್ದ ಅಧಿಕಾರಿ ಪಟವನ್ನು ತೆಗೆದುಕೊಂಡು, ಗಾಜಿನ ಮೇಲಿನ ಕುಂಕುಮ ಒರೆಸಿ, ಎರಡು ಸಲ ಓದಿದರು.

"ಇದರಲ್ಲಿ ನಿನ್ನ ಹೆಸರೆಲ್ಲಿದೆಯಮ್ಮ?"

ಅಂಕಯ್ಯ ಮುಂದೆ ಬಂದರು. "ಐತೆ ಬುದ್ದಿ. ಮೊದ್ಲರ್ದ ಆದ್ಮೇಕೆ ಐತೆ" ಎಂದು ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ನಾನು ಓದಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗುರುಪುರದ ಕುಮಾರಿ ಪುಟ್ಟಲಕ್ಷ್ಮಿ ಏಳು ಬಾರಿ. ಬಳೆಯ ಅಂಚಿಗೂ ತಗುಲದೆ. ಹತ್ತೊಂಬತ್ತು–ಹದಿನೆಂಟು. ಒಂದು ಮಾತೂ ತಪ್ಪಲಿಲ್ಲ.

ಅಧಿಕಾರಿ ಬೆರಗಾಗಿ ಕೇಳಿಸಿಕೊಂಡರು. ಆಮೇಲೆ ನಕ್ಕರು. "ಏನಯ್ಯ, ಯಾರು ಹೇಳಿಕೊಟ್ಟರು ನಿನಗೆ? ಇಲ್ಲಿ ಸೀರೆ ಇದೆ, ಉಪ್ಪಿಟ್ಟಿದೆ. ನಿನ್ನ ಮಗಳಿಲ್ಲ."

ಅಂಕಯ್ಯ ತಿರುಗಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲಿ ಪುಟ್ಟಲಕ್ಷ್ಮಿ ಬಾಯಿ ತೆರೆದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬರೆಯದಿದ್ದದ್ದು ನನ್ನ ತಪ್ಪಲ್ಲ ಸ್ವಾಮಿ. ಒಂದು ಚೆಂಡು ಕೊಡಿ. ಬಳೆ ಇರುವ ಕಡೆ ಕರೆದುಕೊಂಡು ಹೋಗಿ. ಹತ್ತು ಸಲ ಹಾಕುತ್ತೇನೆ, ನೀವೇ ಎಣಿಸಿ."

"ಗಂಡಸರ ಎದುರಿಗೇ? ಕನಾತು ಇಲ್ಲದೆ?" ಎಂದರು ಅಧಿಕಾರಿ. "ಮರ್ಯಾದಸ್ಥರ ಮಕ್ಕಳು ಆಡುವ ಮಾತೇ ಇದು?"

ನೋಡಿದಿರಾ ನ್ಯಾಯವನ್ನು? ಕನಾತಿನೊಳಗೆ ಆಡಿದರೆ ಯಾರೂ ಬರೆಯುವುದಿಲ್ಲ. ಬರೆಯಲಿಲ್ಲವೆಂದರೆ ಆಡಿಲ್ಲ. ಆಡಿ ತೋರಿಸುತ್ತೇನೆಂದರೆ ಕನಾತು ಬೇಕು. ಐವತ್ತು ವರ್ಷವಾಯಿತು, ಈ ಲೆಕ್ಕ ನನಗೆ ಇನ್ನೂ ಬಗೆಹರಿದಿಲ್ಲ. ಸೀಟು ಲಿಂಗಣ್ಣನಿಗಾಯಿತು. ಇನ್ನೊಂದು ಸೀಟಿಗೆ ಯೋಗ್ಯ ಅಭ್ಯರ್ಥಿ ಸಿಕ್ಕಲಿಲ್ಲವೆಂದು ಖಾಲಿ ಬಿಟ್ಟರು. ಖಾಲಿ!

ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು ನಾನು ಎಲ್ಲವನ್ನೂ ಹೇಳಿ, ತಪ್ಪಾಯಿತೆಂದು ಅತ್ತೆ. ಅಂಕಯ್ಯ ಹುರಿಯನ್ನು ಬಿಚ್ಚಿ ನನ್ನ ಮುಂದೆ ಹಿಡಿದರು.

"ಈ ಗಂಟು ಸುಳ್ಳಾ?" ಎಂದರು.

"ಅಲ್ಲ."

"ನೀನ್ ಓದಿದ್ದು ನಡ್ದಿದ್ದೇ ತಾನೆ?"

"ನಡೆದದ್ದೇ."

"ಅಂಗಾರೆ ಸುಳ್ಳಾಡ್ದೋಳು ನೀನಲ್ಲ ಬುಡವ್ವ, ಈ ಕಾಗ್ದ. ಎಲ್ಲೈತೆ ಆ ಪೇಪರ್ ಆಪೀಸು? ನಡೀರಿ."

ಪತ್ರಿಕೆಯ ಕಚೇರಿಯಲ್ಲಿ ಅದೇ ರುಮಾಲಿನ ಮಹಾಶಯರು ಕುಳಿತಿದ್ದರು. ಹೊರಗೆ ಅದೇ ಸೈಕಲ್. ನಾನು ವಿಷಯ ಹೇಳಿದೆ. ಯುದ್ಧಕಾಲ, ಕಾಗದಕ್ಕೆ ಕಂಟ್ರೋಲು, ಜಾಗವಿಲ್ಲ, ಅಲ್ಲದೆ ಗೌರವಸ್ಥ ಕನ್ಯೆಯರ ಹೆಸರನ್ನು ಬಹಿರಂಗವಾಗಿ ಅಚ್ಚು ಮಾಡುವುದು ಸಭ್ಯತೆಯಲ್ಲ ಎಂದರು. ಬೆಂಚಿನ ಲಿಂಗಣ್ಣನಿಗೆ ಜಾಗವಿತ್ತಲ್ಲ ಎಂದೆ.

ಅಂಕಯ್ಯ ಮೇಜಿನ ಹತ್ತಿರ ಹೋಗಿ ನಿಂತರು. "ನನ್ ಗುರ್ತು ಸಿಕ್ತಾ ಸ್ವಾಮಿ? ಅವತ್ತು ನಿಮ್ ಸೈಕಲ್ ಇಡ್ಕಂಡಿದ್ದೆ."

"ಹೌದೇ? ಇರಬಹುದಪ್ಪ."

"ಸೈಕಲ್ ಕಳ್ದೋಯ್ತಾ? ಒಂದ್ ಗೀಟಾದ್ರೂ ಬಿತ್ತಾ? ಬೀಳ್ನಿಲ್ಲ. ನಿಮ್ ಕೆಲ್ಸ ನಾನ್ ನ್ಯಟ್ಟಗ್ ಮಾಡ್ದೆ. ಕಾಪಿ ಕುಡುದ್ಬುಟ್ಟು ನನ್ ಪಕ್ದಾಗ್ ಬಂದ್ ನಿಂತಿದ್ರೆ ನಿಮ್ಗೂ ಬಳೆ ಕಾಣ್ತಿತ್ತು. ಅಚ್ಚರ ಬರ್ದಿರೋ ನಾನ್ ಬರ್ಕಂಡೆ." ಹುರಿಯನ್ನು ಮೇಜಿನ ಮೇಲೆ ಇಟ್ಟರು. "ನೀವ್ ಕಲ್ತೋರು. ಇದ್ನ್ ನೋಡಿ ಬರೀರಿ."

ಆ ಮನುಷ್ಯ ಬೆವರು ಒರೆಸಿಕೊಂಡು ತಿದ್ದುಪಡಿ ಹಾಕುತ್ತೇನೆಂದರು. ಎಂಟು ದಿನದ ಮೇಲೆ ಹಾಕಿಯೂ ಹಾಕಿದರು. ನಾನೇ ಗುರುಪುರಕ್ಕೆ ಒಯ್ದೆ. ಈ ಸಲ ಇದ್ದುದನ್ನು ಇದ್ದ ಹಾಗೇ ಓದುತ್ತೇನೆಂದು ಆಣೆ ಮಾಡಿ ಓದಿದೆ: "ಈಚಿನ ಚೆಂಡಾಟದಲ್ಲಿ ಗುರುಪುರದ ಶ್ರೀ ಅಂಕಯ್ಯನವರ ಪುತ್ರಿಯು ಸಮರ್ಪಕವಾಗಿ ಆಡಿದಳೆಂದು ತಿಳಿದುಬಂದಿದೆ."

"ಯಾರ್ ಎಸ್ರೈತೆ?" ಎಂದರು ಅಂಕಯ್ಯ.

"ನಿಮ್ಮದು."

"ನಾನೆಲ್ ಆಡ್ದೆ? ನಾನ್ ಸೈಕಲ್ ಇಡ್ಕಂಡಿದ್ದೆ ಕಣವ್ವ!"

ಅಂಕಯ್ಯ ಎದ್ದು ಒಳಗೆ ಹೋಗಿ ರಾಚಮ್ಮನಿಗೆ ಹೇಳಿದ್ದು ನಮಗೆ ಜಗಲಿಗೇ ಕೇಳಿಸಿತು. "ಸೀಟ್ ಸಿಗ್ದಿದ್ರೆ ಮದ್ವೆ ಅಂದಿದ್ದೆ. ಸೀಟ್ ಸಿಗ್ನಿಲ್ಲ ಅಂತಲ್ಲ, ಕಿತ್ಕಂಡ್ರು. ಕಿತ್ಕಂಡೋರ್ ಮಾತಿಗೆ ನನ್ ಮಗಳ್ನ ಧಾರೆ ಎರ್ಯಾಕಿಲ್ಲ. ನಿನ್ ತಮ್ಮಂಗ್ ನಾನೇ ಓಗಿ ಕಾಲ್ ಇಡ್ಕತೀನಿ." ಹಾಗೆಯೇ ಪಿರಿಯಾಪಟ್ಟಣಕ್ಕೆ ಹೋಗಿಬಂದರು. ರಾಚಮ್ಮ ಎರಡು ತಿಂಗಳು ಗಂಡನ ಜೊತೆ ಮಾತು ಬಿಟ್ಟಿದ್ದರು. ಅಂಕಯ್ಯ ಪಟದೊಳಗಿನ ಅಚ್ಚಿನ ಕಾಗದವನ್ನು ತೆಗೆಸಿ, ನಾನು ಓದಿದ್ದನ್ನು ನನ್ನ ಕೈಲೇ ಬರೆಸಿ ಹಾಕಿಸಿದರು.

ಪುಟ್ಟಲಕ್ಷ್ಮಿ ಹುಣಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಉಪಾಧ್ಯಾಯಿನಿಯಾದಳು. ತರಬೇತಿ ಇಲ್ಲದವಳಿಗೆ ಅಷ್ಟೇ. ಸಂಜೆ ಹೊಲಿಗೆ ಮಡಿಸಿಟ್ಟು ಹುಡುಗಿಯರಿಗೆ ಆಟ ಕಲಿಸಿದಳು, ಒಂದು ಕಾಸಿಲ್ಲದೆ. ಕನಾತು ಕಟ್ಟಬೇಕೆಂದು ಕಮಿಟಿಯವರು ಹಟ ಹಿಡಿದಾಗ, ಆ ಬಟ್ಟೆ ನಮ್ಮ ಶಾಲೆಗೆ ಕೊಡಿ, ಹುಡುಗಿಯರಿಗೆ ಲಂಗ ಹೊಲಿಸುತ್ತೇನೆ ಎಂದಳು. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಹಟ ಬಿಟ್ಟರು.

ನಲವತ್ತಾರರಲ್ಲಿ ಅವಳ ಹುಡುಗಿಯರಿಗೂ ಪಿರಿಯಾಪಟ್ಟಣದವರಿಗೂ ಪಂದ್ಯ. ನಾನೂ ಹೋಗಿದ್ದೆ. ಅದೇ ಪತ್ರಿಕೆಯಿಂದ ಒಬ್ಬ ಹೊಸಬ ಸೈಕಲ್ಲಿನಲ್ಲಿ ಬಂದ. ಬಂದವನೇ ಅಧ್ಯಕ್ಷಿಣಿಯವರು ಯಾರು, ಕಾಫಿ ಎಲ್ಲಿ ಎಂದು ಕೇಳಿದ. ಕೂದಲು ಪೂರಾ ನೆರೆತಿದ್ದ ಅಂಕಯ್ಯ ಎದ್ದು ಬಂದು ಅವನ ಸೈಕಲ್ಲನ್ನು ಹಿಡಿದುಕೊಂಡರು.

"ಕೊಡಿ ಸ್ವಾಮಿ, ನಾನ್ ಇಡ್ಕತೀನಿ. ನಂಗ್ ರೂಢಿ ಐತೆ."

ಆಟ ಮುಗಿದ ಮೇಲೆ ಅವನು ಸೈಕಲ್ ಕೇಳಿದ. ಅಂಕಯ್ಯ ಬಿಡಲಿಲ್ಲ.

"ಓದ್ ಸಲ ಸುಮ್ಕೆ ಇಡ್ಕಂಡಿದ್ದೆ. ಈ ಸಲ ಎಸ್ರು ಬರ್ಯೋಗಂಟ ಬುಡಾಕಿಲ್ಲ. ಬರ್ದಿದ್ನ ಆ ಅವ್ವನ್ ಕೈಗ್ ಕೊಡಿ, ಅವ್ಳ್ ಓದ್ಲಿ." ಆ ಅವ್ವ ನಾನೇ. ಅವನು ಬಾವಿಕಟ್ಟೆಯ ಮೇಲೆ ಕುಳಿತು, ಹೆಸರು, ಅಂಕಗಳನ್ನು ಹುಡುಗಿಯರನ್ನೇ ಕೇಳಿಕೊಂಡು ಬರೆದ. ನಾನು ಗಟ್ಟಿಯಾಗಿ ಓದಿದೆ. ಅಂಕಯ್ಯ ಹುರಿಯ ಗಂಟು ಎಣಿಸಿ ನೋಡಿ ಸೈಕಲ್ ಬಿಟ್ಟರು.

ಮೂರನೆಯ ದಿನ ಪತ್ರಿಕೆಯಲ್ಲಿ ಆರು ಹುಡುಗಿಯರ ಹೆಸರೂ, ಬಳೆಗೆ ಹಾಕಿದವರ ಅಂಕವೂ ಬಂದವು. ಪುಟ್ಟಲಕ್ಷ್ಮಿ ಅದನ್ನು ಶಾಲೆಯ ಬಾಗಿಲಿಗೆ ಅಂಟಿಸಿ, ದಿನವೂ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವಳ ಹೆಸರು ಅದರಲ್ಲೂ ಇರಲಿಲ್ಲ. "ಶಾಲೆಯ ಹೊಲಿಗೆಯ ಉಪಾಧ್ಯಾಯಿನಿಯ ಮಾರ್ಗದರ್ಶನದಲ್ಲಿ" ಎಂದಿತ್ತು. ಬಾವಿಕಟ್ಟೆಯ ಹತ್ತಿರ ಗಟ್ಟಿಯಾಗಿ ಓದಿದವಳು ನಾನೇ ಆದರೂ ಹುಡುಗಿಯರ ಹೆಸರಿನ ಆತುರದಲ್ಲಿ ಆ ಸಾಲು ನನಗೂ ತಟ್ಟಲಿಲ್ಲ, ಇಪ್ಪತ್ತೆಂಟು ವರ್ಷ ಅಲ್ಲಿ ಆಟ ಕಲಿಸಿದ ಅವಳೂ ಒಂದು ದಿನವೂ ಅದರ ಮಾತೆತ್ತಲಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಾಗ ಅದೇ ಪತ್ರಿಕೆ ಎರಡು ಸಾಲು ಹಾಕಿತು: ನಿವೃತ್ತ ಹೊಲಿಗೆ ಶಿಕ್ಷಕಿ, ಅವಿವಾಹಿತೆ. ಅದಕ್ಕೇ ನಾನು ಈ ವಯಸ್ಸಿನಲ್ಲಿ ಪೆನ್ನು ಹಿಡಿದು ಕುಳಿತೆ. ಈ ಸಲವೂ ಇದ್ದುದನ್ನು ಇದ್ದ ಹಾಗೇ ಬರೆದಿದ್ದೇನೆ: ಗುರುಪುರದ ಪುಟ್ಟಲಕ್ಷ್ಮಿ, ಏಳು ಬಾರಿ ಬಳೆಗೆ, ಒಂದು ಫ್ರೀ ಥ್ರೋ, ಒಟ್ಟು ಹದಿನೈದು ಅಂಕ. ಆ ದಿನ ಗೆದ್ದವರು ನಾವು.